ಕೆಡಂಪ್ ಸೆಟ್ ಮಾಡುವುದು, ಟೆಸ್ಟ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಆನ್-ಕಾಲ್ ಇದ್ದ ಒಂದು ರಾತ್ರಿ ಎರಡೂವರೆಗೆ ನಾನು ನೋಡಿಕೊಳ್ಳುತ್ತಿದ್ದ ಡೇಟಾಬೇಸ್ ಸರ್ವರ್ ತಾನಾಗೇ ರೀಬೂಟ್ ಆಯಿತು. ಲಾಗ್‌ನಲ್ಲಿ ಏನೂ ಇಲ್ಲ. ಲಿನಕ್ಸ್ ಹೀಗೆ ಬಿದ್ದಾಗ ಮೆಮೊರಿಯ ನಕಲನ್ನು, ಅಂದರೆ ಡಂಪ್ ಅನ್ನು, ಉಳಿಸಬೇಕಾದ ಕೆಡಂಪ್ ಸರ್ವಿಸ್ ಮಾತ್ರ ವರ್ಷದಿಂದ ಹಸಿರು ಬಣ್ಣದಲ್ಲಿ ‘ಆಕ್ಟಿವ್’ ಅಂತ ತೋರಿಸುತ್ತಲೇ ಇತ್ತು. ಹಾಗಾದರೆ ಡಂಪ್ ಇದ್ದೇ ಇರುತ್ತೆ ಅಂದುಕೊಂಡು ‘/ವಾರ್/ಕ್ರ್ಯಾಶ್’ ಡೈರೆಕ್ಟರಿ ತೆಗೆದು ನೋಡಿದರೆ ಖಾಲಿ. ನಡುವೆ ಯಾವಾಗಲೋ ಹೊಸ ಸ್ಟೋರೇಜ್ ಕಾರ್ಡ್ ಹಾಕಿದ್ದರು, ಅದರ ಡ್ರೈವರ್ ಲೋಡ್ ಆಗುವಷ್ಟು ಮೆಮೊರಿ ಕೆಡಂಪ್‌ಗೆ ಮೀಸಲು ಇರಲಿಲ್ಲ. ಅದಾದ ಮೇಲೆ ಯಾರೂ ಟೆಸ್ಟ್ ಮಾಡಿರಲಿಲ್ಲ. ಹನ್ನೊಂದು ದಿನ ಬಿಟ್ಟು ಅದೇ ಸರ್ವರ್ ಮತ್ತೆ ಬಿತ್ತು. ಆಗ ಡಂಪ್ ಸಿಕ್ಕಿತು, ಯಾಕಂದರೆ ಅಷ್ಟರಲ್ಲಿ ನಾವು ಬೇಕಂತಲೇ ಅದನ್ನು ನಾಲ್ಕು ಸಲ ಬೀಳಿಸಿ ನೋಡಿದ್ದೆವು.

ಆಮೇಲಿಂದ ಜೊತೆಯವರು ಕೇಳುತ್ತಾ ಬಂದ ಪ್ರಶ್ನೆಗಳು ಇವು. ಕಮಾಂಡ್, ಫೈಲ್ ಹೆಸರುಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.

ಕೆಡಂಪ್ ಅಂದರೆ ಏನು? ಒಳಗೆ ಏನು ನಡೆಯುತ್ತೆ?

ಲಿನಕ್ಸ್‌ನ ತಿರುಳಾದ ಕರ್ನೆಲ್ ಸರಿಪಡಿಸಲಾಗದ ತಪ್ಪು ಕಂಡು ನಿಂತುಬಿಡೋದಕ್ಕೆ ಪ್ಯಾನಿಕ್ ಅಂತಾರೆ. ಆ ಕ್ಷಣದಲ್ಲಿ ಮೆಮೊರಿಯಲ್ಲಿ ಏನೇನು ಇತ್ತೋ ಅದನ್ನು ಫೈಲ್ ಮಾಡಿ ಉಳಿಸಿಕೊಡುವ ವ್ಯವಸ್ಥೆ.

ಇದರಲ್ಲಿ ಒಂದು ಕಷ್ಟ ಇದೆ. ಕರ್ನೆಲ್ಲೇ ಕೆಟ್ಟು ಕೂತಿರುವಾಗ ಡಿಸ್ಕಿಗೆ ಬರೆಯೋರು ಯಾರು? ಹಿಂದೆ ಇದ್ದ ಎಲ್‌ಕೆಸಿಡಿ, ಡಿಸ್ಕ್‌ಡಂಪ್, ನೆಟ್‌ಡಂಪ್ ಎಲ್ಲ ಕೆಟ್ಟ ಕರ್ನೆಲ್‌ನಿಂದಲೇ ಬರೆಸುತ್ತಿದ್ದವು. ಹುಷಾರಿಲ್ಲದವನ ಕೈಯಲ್ಲೇ ಅವನ ಕೇಸ್ ಶೀಟ್ ಬರೆಸಿದ ಹಾಗೆ. ಡಿಸ್ಕ್ ಡ್ರೈವರ್‌ನಲ್ಲೇ ತೊಂದರೆ ಇದ್ದರೆ ಡಂಪ್ ಆಸೆ ಬಿಡಬೇಕಿತ್ತು, ಇನ್ನೂ ಕೆಟ್ಟದೆಂದರೆ ಇದ್ದ ಡೇಟಾ ಮೇಲೆ ಏನೋ ಬರೆದುಬಿಡುವ ಭಯವೂ ಇತ್ತು.

ಕೆಡಂಪ್ ಬೇರೆ ದಾರಿ ಹಿಡಿಯಿತು. ಬೂಟ್ ಆಗುವಾಗಲೇ ರ್‍ಯಾಮ್‌ನಲ್ಲಿ ಒಂದು ತುಂಡನ್ನು ಬೇಲಿ ಹಾಕಿ ಎತ್ತಿಟ್ಟುಬಿಡುತ್ತೆ. ಅದರೊಳಗೆ ಎರಡನೇ ಕರ್ನೆಲ್ ಒಂದನ್ನು, ಅದಕ್ಕೆ ಬೇಕಾದ ಪುಟ್ಟ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ಗೆ ಬೇಕಾದ ಡ್ರೈವರ್, ಪ್ರೋಗ್ರಾಂಗಳ ಗಂಟು) ಸಮೇತ, ಮೊದಲೇ ತಂದು ಇಟ್ಟಿರುತ್ತೆ. ಪ್ಯಾನಿಕ್ ಆದಾಗ ಮಿಕ್ಕ ಸಿಪಿಯುಗಳನ್ನು ನಿಲ್ಲಿಸಿ, ಒಂದು ಕರ್ನೆಲ್‌ನಿಂದ ಇನ್ನೊಂದನ್ನು ಶುರು ಮಾಡುವ ಕೆಎಕ್ಸೆಕ್ ಮೂಲಕ ನೇರವಾಗಿ ಆ ಎರಡನೇ ಕರ್ನೆಲ್‌ಗೆ ಹಾರುತ್ತೆ. ಬಯಾಸ್ ಹತ್ತಿರ ಹೋಗೋದೇ ಇಲ್ಲ, ಹಾಗಾಗಿ ಹಳೆ ಮೆಮೊರಿ ಅಳಿಯೋದಿಲ್ಲ. ಹೊಸ ಕರ್ನೆಲ್ ತನ್ನ ಬೇಲಿಯೊಳಗೇ ಎದ್ದು ಕೂತು, ಹಳೆಯದರ ಮೆಮೊರಿಯನ್ನು ‘/ಪ್ರಾಕ್/ವಿಎಂಕೋರ್’ ಅನ್ನೋ ಫೈಲ್ ರೂಪದಲ್ಲಿ ತೋರಿಸುತ್ತೆ. ಅದನ್ನು ಡಿಸ್ಕಿಗೋ ನೆಟ್‌ವರ್ಕ್‌ಗೋ ನಕಲು ಮಾಡಿ ಮಾಮೂಲಿ ರೀಬೂಟ್.

ಕೆಎಕ್ಸೆಕ್, ಕೆಡಂಪ್ ಎರಡೂ 2005ರ ಆಗಸ್ಟ್‌ನಲ್ಲಿ ಬಂದ 2.6.13 ಕರ್ನೆಲ್‌ಗೆ ಸೇರಿದವು. ಅದೇ ವರ್ಷ ಒಟ್ಟಾವಾ ಲಿನಕ್ಸ್ ಸಿಂಪೋಸಿಯಂನಲ್ಲಿ ಇದರ ಪ್ರಬಂಧ ಮಂಡಿಸಿದ ಮೂವರಲ್ಲಿ ವಿವೇಕ್ ಗೋಯಲ್, ಹರಿ ನೆಲ್ಲಿತೀರ್ಥ ಇಬ್ಬರೂ ಭಾರತದ ಐಬಿಎಂನಲ್ಲಿ ಈ ಕೆಲಸ ಮಾಡಿದವರು. ಮೂರನೆಯವರು ಎರಿಕ್ ಬೀಡರ್‌ಮನ್, ಕೆಎಕ್ಸೆಕ್ ಬರೆದವರು. ನಮ್ಮ ದೇಶದಲ್ಲಿ ಕೂತು ಬರೆದ ಕೋಡ್ ಇವತ್ತು ಲೋಕದ ಎಷ್ಟೋ ಡೇಟಾ ಸೆಂಟರ್‌ಗಳಲ್ಲೂ ಓಡುತ್ತಿದೆ ಅನ್ನೋದು ನನಗಂತೂ ತುಂಬ ಖುಷಿ ಕೊಡುವ ವಿಷಯ.

ಜರ್ನಲ್ ಲಾಗ್ ಇದೆಯಲ್ಲ, ಅದು ಸಾಲದಾ?

ಸಾಲದು. ಪ್ಯಾನಿಕ್ ಆದ ಕ್ಷಣದ ಕೊನೆಯ ಸಾಲುಗಳು ಡಿಸ್ಕ್ ಮುಟ್ಟುವ ಮೊದಲೇ ಎಲ್ಲ ನಿಂತುಹೋಗಿರುತ್ತೆ. ನಿಮಗೆ ಬೇಕಾಗಿರೋದು ಆ ಸಾಲುಗಳೇ, ಅಲ್ವಾ? ಸ್ಕ್ರೀನ್ ಫೋಟೊ ಹೊಡೆದುಕೊಂಡರೂ ಕೆಳಗಿನ ಅರ್ಧ ಮಾತ್ರ ಕಾಣುತ್ತೆ, ಮುಖ್ಯವಾದ ಮೊದಲ ಸಾಲು ಮೇಲೆ ಸರಿದು ಹೋಗಿರುತ್ತೆ.

ಎಷ್ಟು ಮೆಮೊರಿ ಮೀಸಲಿಡಬೇಕು?

ಜಾಸ್ತಿ ಜನ ಎಡವೋದು ಇಲ್ಲೇ. ಕರ್ನೆಲ್ ಕಮಾಂಡ್ ಲೈನ್‌ನಲ್ಲಿ ‘ಕ್ರ್ಯಾಶ್‌ಕರ್ನೆಲ್=’ ಅಂತ ಬರೆದು ಎಷ್ಟು ಬೇಕೋ ಹೇಳಬೇಕು. ‘ಕ್ರ್ಯಾಶ್‌ಕರ್ನೆಲ್=256ಎಂ’ ಅಂದರೆ 256 ಎಂಬಿ. ಇಲ್ಲವೇ ರ್‍ಯಾಮ್ ಎಷ್ಟಿದೆ ಅನ್ನೋದರ ಮೇಲೆ ಪಟ್ಟಿ ಕೊಡಬಹುದು. ರೆಡ್ ಹ್ಯಾಟ್ 9ರಲ್ಲಿ ಎಕ್ಸ್86 ಮೆಷಿನ್‌ಗೆ ಬರುವ ಡೀಫಾಲ್ಟ್ ಹೀಗಿದೆ: 1 ಜಿಬಿಯಿಂದ 4 ಜಿಬಿ ರ್‍ಯಾಮ್ ಇದ್ದರೆ 192 ಎಂಬಿ, 4ರಿಂದ 64 ಜಿಬಿಗೆ 256 ಎಂಬಿ, ಅದಕ್ಕಿಂತ ಜಾಸ್ತಿ ಇದ್ದರೆ 512 ಎಂಬಿ.

ಆದರೆ ಈ ಅಂಕಿಗಳನ್ನು ನಂಬಿ ಸುಮ್ನೆ ಕೂರಬೇಡಿ. ಎಷ್ಟು ಬೇಕು ಅನ್ನೋದನ್ನು ತೀರ್ಮಾನಿಸೋದು ರ್‍ಯಾಮ್ ಒಂದೇ ಅಲ್ಲ, ನಿಮ್ಮ ಹಾರ್ಡ್‌ವೇರ್ ಕೂಡ. ಒಂದೊಂದು ಫೈಬರ್ ಚಾನೆಲ್ ಕಾರ್ಡ್, ಒಂದೊಂದು ವೇಗದ ನೆಟ್‌ವರ್ಕ್ ಕಾರ್ಡ್ ತನ್ನ ಕ್ಯೂಗಳಿಗೆ, ಬಫರ್‌ಗಳಿಗೆ ಹತ್ತಾರು ಎಂಬಿ ತಿನ್ನುತ್ತೆ. ಎರಡನೇ ಕರ್ನೆಲ್‌ಗೆ ಇರೋದು ಆ ಮೀಸಲು ಜಾಗ ಮಾತ್ರ, ಹೊರಗೆ 512 ಜಿಬಿ ಇದ್ದರೂ ಅದಕ್ಕೆ ಉಪಯೋಗವಿಲ್ಲ. ಜಾಗ ಸಾಲದಿದ್ದರೆ, ಮೆಮೊರಿ ಮುಗಿದಾಗ ಪ್ರೋಗ್ರಾಂಗಳನ್ನು ಕೊಲ್ಲುವ ಕರ್ನೆಲ್‌ನ ಓಓಎಂ ಕಿಲ್ಲರ್ ಬಂದು ಡಂಪ್ ಬರೆಯುವ ಪ್ರೋಗ್ರಾಂ ಅನ್ನೇ ಕೊಲ್ಲುತ್ತೆ. ಕನ್ಸೋಲ್ ನೋಡದೆ ಇದ್ದರೆ ಅದು ನಿಮಗೆ ಗೊತ್ತೇ ಆಗಲ್ಲ.

ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಇನ್ನೂ ಹುಷಾರು. ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಷನ್ ಆದ ಲಕ್ಸ್2 ತೆರೆಯಲು ಪಾಸ್‌ಫ್ರೇಸ್‌ನಿಂದ ಕೀ ಮಾಡುವ ಆರ್ಗಾನ್2 ಬೇಕಂತಲೇ ಮೆಮೊರಿ ತಿನ್ನುವ ಹಾಗೆ ಮಾಡಿರೋದು, 1 ಜಿಬಿವರೆಗೂ ಹೋಗಬಹುದು. ಜೊತೆಗೆ ರಾತ್ರಿ ಎರಡೂವರೆಗೆ ಪಾಸ್‌ಫ್ರೇಸ್ ಟೈಪ್ ಮಾಡೋರು ಯಾರು? ಅಂಥ ಕಡೆ ಡಂಪ್ ಅನ್ನು ನೆಟ್‌ವರ್ಕ್ ಮೇಲೆ ಕಳಿಸಿ.

ರೆಡ್ ಹ್ಯಾಟ್ ಬಳಗದಲ್ಲಿ ‘ಕೆಡಂಪ್‌ಸಿಟಿಎಲ್ ಎಸ್ಟಿಮೇಟ್’ ಕೊಟ್ಟರೆ ಅಂದಾಜು ಹೇಳುತ್ತೆ. ಒಳ್ಳೆಯ ಶುರು ಅದು. ನಾನು ಅದರ ಮೇಲೆ ಇನ್ನೊಂದಿಷ್ಟು ಸೇರಿಸುತ್ತೇನೆ. 256 ಜಿಬಿ ಇರುವ ಮೆಷಿನ್‌ನಲ್ಲಿ 200 ಎಂಬಿ ಉಳಿಸಲು ಹೋಗಿ ಡಂಪ್ ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

‘ಹೈ’, ‘ಲೋ’ ಅಂತ ಬರುತ್ತಲ್ಲ, ಅದೇನು?

ದೊಡ್ಡ ಮೀಸಲು ಬೇಕಾದಾಗ 4 ಜಿಬಿ ವಿಳಾಸದ ಕೆಳಗೆ ಜಾಗ ಸಿಗದೆ ಹೋಗಬಹುದು. ಆಗ ‘ಕ್ರ್ಯಾಶ್‌ಕರ್ನೆಲ್=512ಎಂ,ಹೈ’ ಅಂತ ಕೊಟ್ಟರೆ ಮೇಲಿನ ಭಾಗದಲ್ಲಿ ತೆಗೆದುಕೊಳ್ಳುತ್ತೆ. ಆದರೆ ಕೆಲವು ಸಾಧನಗಳ ಡಿಎಂಎಗೆ (ಸಿಪಿಯು ನೆರವಿಲ್ಲದೆ ನೇರ ಮೆಮೊರಿ ಮುಟ್ಟೋದು) ಕೆಳಗಿನ ಮೆಮೊರಿ ಸ್ವಲ್ಪ ಬೇಕೇ ಬೇಕು. ಅದಕ್ಕೇ ‘ಲೋ’ ಭಾಗ. ಸೂಸೆಯಲ್ಲಿ ಈ ಎರಡನ್ನೂ ಮಾಮೂಲಿಯಾಗಿ ಕೊಡುತ್ತಾರೆ.

ಉಬುಂಟು, ಡೆಬಿಯನ್‌ನಲ್ಲಿ ಹೇಗೆ ಹಾಕೋದು?

ಉಬುಂಟುವಿನಲ್ಲಿ ‘ಲಿನಕ್ಸ್-ಕ್ರ್ಯಾಶ್‌ಡಂಪ್’, ಡೆಬಿಯನ್‌ನಲ್ಲಿ ‘ಕೆಡಂಪ್-ಟೂಲ್ಸ್’ ಪ್ಯಾಕೇಜ್ ಹಾಕಿ. ಹಾಕುವಾಗ ಎರಡು ಪ್ರಶ್ನೆ ಬರಬಹುದು. ರೀಬೂಟ್‌ಗಳನ್ನು ಕೆಎಕ್ಸೆಕ್ ನೋಡಿಕೊಳ್ಳಲಾ ಅಂದರೆ ಬೇಡ ಅನ್ನಿ. ಕೆಡಂಪ್-ಟೂಲ್ಸ್ ಚಾಲೂ ಮಾಡಲಾ ಅಂದರೆ ಹೌದು ಅನ್ನಿ. ಅವಸರದಲ್ಲಿ ಎಂಟರ್ ಒತ್ತಿಬಿಟ್ಟಿದ್ದರೆ ‘/ಈಟಿಸಿ/ಡೀಫಾಲ್ಟ್/ಕೆಡಂಪ್-ಟೂಲ್ಸ್’ ಫೈಲ್‌ನಲ್ಲಿ ‘ಯೂಸ್_ಕೆಡಂಪ್=1’ ಇದೆಯಾ ನೋಡಿ.

ಮೀಸಲು ಎಷ್ಟು ಅನ್ನೋದು ‘/ಈಟಿಸಿ/ಡೀಫಾಲ್ಟ್/ಗ್ರಬ್.ಡಿ’ ಒಳಗಿನ ‘ಕೆಡಂಪ್-ಟೂಲ್ಸ್.ಸಿಎಫ್‌ಜಿ’ ಫೈಲ್‌ನಲ್ಲಿ ಇರುತ್ತೆ. ಬದಲಾಯಿಸಿದರೆ ‘ಅಪ್‌ಡೇಟ್-ಗ್ರಬ್’ ಓಡಿಸಿ, ರೀಬೂಟ್ ಮಾಡಿ. ಮೀಸಲು ಆಗೋದು ಬೂಟ್ ಹೊತ್ತಿನಲ್ಲಿ ಮಾತ್ರ, ಆದ್ದರಿಂದ ರೀಬೂಟ್ ತಪ್ಪಿಸಲು ದಾರಿ ಇಲ್ಲ. ಆಮೇಲೆ ‘ಕೆಡಂಪ್-ಕಾನ್ಫಿಗ್ ಶೋ’ ಕೊಟ್ಟು ‘ರೆಡಿ ಟು ಕೆಡಂಪ್’ ಅನ್ನೋ ಸಾಲು ಹುಡುಕಿ.

ರೆಡ್ ಹ್ಯಾಟ್, ರಾಕಿ, ಆಲ್ಮಾ, ಫೆಡೋರಾದಲ್ಲಿ?

‘ಕೆಎಕ್ಸೆಕ್-ಟೂಲ್ಸ್’ ಪ್ಯಾಕೇಜ್ ಬೇಕು, ಹೊಸ ಆವೃತ್ತಿಗಳಲ್ಲಿ ‘ಕೆಡಂಪ್-ಯುಟಿಲ್ಸ್’ ಅಂತ ಬೇರೆ ಮಾಡಿದ್ದಾರೆ. ‘ಸಿಸ್ಟಮ್‌ಸಿಟಿಎಲ್ ಎನೇಬಲ್’ ಮಾಡಿ ಕೆಡಂಪ್ ಸರ್ವಿಸ್ ಚಾಲೂ ಮಾಡಿ. ಸೆಟಿಂಗ್ ಎಲ್ಲ ‘/ಈಟಿಸಿ/ಕೆಡಂಪ್.ಕಾನ್ಫ್’ ಒಳಗೆ.

ಹಳೇ 8ರಿಂದ 9ಕ್ಕೆ ಬಂದವರು ಒಂದು ಗಮನಿಸಿ. ಅಲ್ಲಿ ‘ಕ್ರ್ಯಾಶ್‌ಕರ್ನೆಲ್=ಆಟೊ’ ಅಂತ ಬರೆದರೆ ನಡೆಯುತ್ತಿತ್ತು, 9ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ‘ಕೆಡಂಪ್‌ಸಿಟಿಎಲ್ ರೀಸೆಟ್-ಕ್ರ್ಯಾಶ್‌ಕರ್ನೆಲ್’ ಕೊಟ್ಟರೆ ಸರಿಯಾದ ಡೀಫಾಲ್ಟ್ ಹಾಕಿಕೊಡುತ್ತೆ. ಬೇರೆ ಅಂಕಿ ಬೇಕಿದ್ದರೆ ಬೂಟ್ ಸಾಲುಗಳನ್ನು ತಿದ್ದುವ ‘ಗ್ರಬ್ಬಿ’ಯಲ್ಲಿ ಎಲ್ಲ ಕರ್ನೆಲ್‌ಗಳಿಗೂ ಸೇರಿಸಿ, ಒಂದಕ್ಕೆ ಮಾತ್ರ ಸೇರಿಸಿ ಮರೆಯಬೇಡಿ.

ಮೀಸಲು ನಿಜವಾಗಿ ಆಗಿದೆ ಅಂತ ತಿಳಿಯೋದು ಹೇಗೆ?

ಮೂರು ಕಡೆ ನೋಡಿ. ‘/ಪ್ರಾಕ್/ಸಿಎಂಡಿಲೈನ್’ನಲ್ಲಿ ನೀವು ಬರೆದ ಸಾಲು ಇದೆಯಾ? ಇಲ್ಲದಿದ್ದರೆ ಗ್ರಬ್ ಸರಿಯಾಗಿ ಅಪ್‌ಡೇಟ್ ಆಗಿಲ್ಲ. ‘/ಸಿಸ್/ಕರ್ನೆಲ್/ಕೆಎಕ್ಸೆಕ್_ಕ್ರ್ಯಾಶ್_ಸೈಜ್’ನಲ್ಲಿ ಸೊನ್ನೆ ಬಂದರೆ ನೀವು ಕೇಳಿದ್ದೀರಿ ಆದರೆ ಕರ್ನೆಲ್ ಕೊಟ್ಟಿಲ್ಲ, ಅಷ್ಟು ಜಾಗ ಒಟ್ಟಾಗಿ ಸಿಕ್ಕಿಲ್ಲ ಅಂತ. ಅದೇ ಡೈರೆಕ್ಟರಿಯ ‘ಕೆಎಕ್ಸೆಕ್_ಕ್ರ್ಯಾಶ್_ಲೋಡೆಡ್’ನಲ್ಲಿ 1 ಇರಬೇಕು. 0 ಇದ್ದರೆ ಜಾಗ ಇದೆ, ಅದರೊಳಗೆ ಎರಡನೇ ಕರ್ನೆಲ್ ಇಲ್ಲ. ಈ 1 ಅನ್ನು ನಿಮ್ಮ ಮಾನಿಟರಿಂಗ್‌ಗೆ ಸೇರಿಸಿ, ಸರ್ವಿಸ್ ಹಸಿರಿದೆಯಾ ಅಂತ ನೋಡೋದಕ್ಕಿಂತ ಇದು ಎಷ್ಟೋ ವಾಸಿ.

ಇಷ್ಟೆಲ್ಲ ಸರಿ ಇದ್ದರೂ ಡಂಪ್ ಬರುತ್ತೆ ಅಂತ ಹೇಳಕ್ಕಾಗಲ್ಲ. ಎರಡನೇ ಕರ್ನೆಲ್ ಎದ್ದು ಡಿಸ್ಕ್ ಹುಡುಕಿ ಬರೆಯುತ್ತಾ ಅನ್ನೋದು ಎದ್ದಾಗಲೇ ಗೊತ್ತಾಗೋದು.

ಹಾಗಾದರೆ ಟೆಸ್ಟ್ ಮಾಡೋದು ಹೇಗೆ?

ಮೆಷಿನ್ ಅನ್ನು ನಿಜವಾಗಿಯೂ ಬೀಳಿಸಬೇಕು. ಬೇರೆ ಯಾವ ಟೆಸ್ಟೂ ಟೆಸ್ಟ್ ಅಲ್ಲ. ಉಬುಂಟುವಿನ ‘ಕೆಡಂಪ್-ಕಾನ್ಫಿಗ್ ಟೆಸ್ಟ್’ ಕೂಡ ಯಾವ ಕಮಾಂಡ್ ಓಡಿಸುತ್ತಿತ್ತು ಅಂತ ತೋರಿಸುತ್ತೆ ಅಷ್ಟೇ.

ಮೊದಲು ತಯಾರಿ. ಡೇಟಾಬೇಸ್ ನಿಲ್ಲಿಸಿ. ಯಾರಾದರೂ ಲಾಗಿನ್ ಆಗಿದ್ದಾರಾ ನೋಡಿ, ಅವರಿಗೆ ಹೇಳಿ. ‘ಸಿಂಕ್’ ಎರಡು ಸಲ ಕೊಡಿ. ಮುಖ್ಯವಾಗಿ ಕನ್ಸೋಲ್ ತೆರೆದಿಟ್ಟುಕೊಳ್ಳಿ. ಐಎಲ್‌ಓ, ಐಡ್ರ್ಯಾಕ್ (ಸರ್ವರ್ ಅನ್ನು ದೂರದಿಂದ ನೋಡಿಕೊಳ್ಳುವ ವ್ಯವಸ್ಥೆಗಳು), ಸೀರಿಯಲ್ ಕೇಬಲ್, ವರ್ಚುವಲ್ ಮೆಷಿನ್ ಆದರೆ ಅದರ ಕನ್ಸೋಲ್, ಯಾವುದಾದರೂ ಸರಿ, ಎಸ್‌ಎಸ್‌ಎಚ್ ಮಾತ್ರ ಸಾಲದು. ಪ್ಯಾನಿಕ್ ಆದ ಕ್ಷಣ ಎಸ್‌ಎಸ್‌ಎಚ್ ಸತ್ತಿರುತ್ತೆ, ಅಲ್ಲಿಂದ ಮುಂದೆ ನಡೆಯೋದೇ ನಿಮಗೆ ನೋಡಬೇಕಾಗಿರೋದು.

ಈಗ ರೂಟ್ ಆಗಿ ‘/ಪ್ರಾಕ್/ಸಿಸ್‌ಆರ್‌ಕ್ಯೂ-ಟ್ರಿಗರ್’ ಫೈಲ್‌ಗೆ ‘ಸಿ’ ಅನ್ನೋ ಒಂದೇ ಅಕ್ಷರ ‘ಎಕೋ’ ಮಾಡಿ. ಅಷ್ಟೇ, ಮೆಷಿನ್ ಅಲ್ಲೇ ಬೀಳುತ್ತೆ. ‘ಸುಡೊ ಎಕೋ’ ಅಂತ ಶುರು ಮಾಡಿ ಬಾಣದ ಗುರುತು ಹಾಕಿದರೆ ‘ಪರ್ಮಿಷನ್ ಡಿನೈಡ್’ ಬರುತ್ತೆ, ಯಾಕಂದರೆ ಬಾಣದ ಕೆಲಸ ಮಾಡೋದು ನಿಮ್ಮ ಮಾಮೂಲಿ ಶೆಲ್, ಸುಡೊ ಅಲ್ಲ. ಪೂರ್ತಿ ರೂಟ್ ಶೆಲ್‌ಗೆ ಹೋಗಿ, ಇಲ್ಲವೇ ‘ಸುಡೊ ಟೀ’ಗೆ ಪೈಪ್ ಮಾಡಿ. ಕೀಬೋರ್ಡ್‌ನಿಂದ ಆಲ್ಟ್, ಸಿಸ್‌ಆರ್‌ಕ್ಯೂ, ಸಿ ಮೂರನ್ನೂ ಒತ್ತಿಯೂ ಬೀಳಿಸಬಹುದು, ಆದರೆ ಅದಕ್ಕೆ ‘ಕರ್ನೆಲ್.ಸಿಸ್‌ಆರ್‌ಕ್ಯೂ’ ಅನುಮತಿ ಇರಬೇಕು. ರೂಟ್ ಆಗಿ ಟ್ರಿಗರ್ ಫೈಲ್‌ಗೆ ಬರೆಯಲು ಆ ಅನುಮತಿ ಬೇಕಿಲ್ಲ.

ಕನ್ಸೋಲ್‌ನಲ್ಲಿ ಏನು ಕಾಣಬೇಕು? ಮೊದಲು ಪ್ಯಾನಿಕ್ ಸಾಲುಗಳು, ಕಾಲ್ ಟ್ರೇಸ್. ಒಂದೆರಡು ಸೆಕೆಂಡ್ ನಿಶ್ಶಬ್ದ. ಆಮೇಲೆ ಬಯಾಸ್ ಲೋಗೊ ಇಲ್ಲದೇನೇ ನೇರವಾಗಿ ಹೊಸ ಬೂಟ್ ಸಾಲುಗಳು ಬರಬೇಕು. ಅದು ಎರಡನೇ ಕರ್ನೆಲ್. ನಂತರ ‘ಕಾಪಿಯಿಂಗ್ ಡೇಟಾ’ ಅಂತ ಶೇಕಡಾ ಏರುತ್ತಾ ಹೋಗುತ್ತೆ. ನೂರು ಮುಟ್ಟಿ ರೀಬೂಟ್ ಆದ ಮೇಲೆ ಬಯಾಸ್ ಬರುತ್ತೆ. ಆ ಅಂಕಿ ಏರೋದನ್ನು ಮೊದಲ ಸಲ ಕಣ್ಣಾರೆ ನೋಡಿದಾಗ ಆಗುವ ಸಮಾಧಾನವೇ ಬೇರೆ.

ಒಳಗೆ ಬಂದು ‘/ವಾರ್/ಕ್ರ್ಯಾಶ್’ ನೋಡಿ. ದಿನಾಂಕ ಇರುವ ಒಂದು ಡೈರೆಕ್ಟರಿ, ಅದರೊಳಗೆ ರೆಡ್ ಹ್ಯಾಟ್ ಆದರೆ ‘ವಿಎಂಕೋರ್’ ಮತ್ತು ‘ವಿಎಂಕೋರ್-ಡಿಮೆಸೇಜ್.ಟಿಎಕ್ಸ್‌ಟಿ’, ಉಬುಂಟು ಆದರೆ ‘ಡಂಪ್’, ‘ಡಿಮೆಸೇಜ್’ ಹೆಸರಿನ ಫೈಲ್‌ಗಳು ಇರುತ್ತವೆ. ಹೆಸರಿನಲ್ಲಿ ‘ಇನ್‌ಕಂಪ್ಲೀಟ್’ ಇದ್ದರೆ ನಡುವೆ ಏನೋ ಕಡಿದುಹೋಗಿದೆ.

ಇಲ್ಲಿಗೇ ನಿಲ್ಲಿಸಬೇಡಿ. ಆ ಫೈಲ್ ಅನ್ನು ‘ಕ್ರ್ಯಾಶ್’ ಟೂಲ್‌ನಲ್ಲಿ ಒಂದು ಸಲ ತೆಗೆದು ನೋಡಿ. ತೆರೆಯದ ಡಂಪ್ ಇದ್ದೂ ಇಲ್ಲದ ಹಾಗೆ.

ಸಿಸ್‌ಆರ್‌ಕ್ಯೂ ಒಂದೇ ಸಾಕಾ?

ಅದು ಸಲೀಸಾದ ಸಾವು. ನಿಜವಾದ ಪ್ಯಾನಿಕ್‌ಗಳು ಇಂಟರಪ್ಟ್ ಒಳಗೆ, ಲಾಕ್ ಹಿಡಿದುಕೊಂಡಿರುವಾಗ ಆಗುತ್ತವೆ. ಇನ್ನೂ ಆಳಕ್ಕೆ ಹೋಗಬೇಕಾದರೆ ಕರ್ನೆಲ್‌ನಲ್ಲೇ ‘ಎಲ್‌ಕೆಡಿಟಿಎಂ’ ಅನ್ನೋ ಮಾಡ್ಯೂಲ್ ಇದೆ. ಅದನ್ನು ಲೋಡ್ ಮಾಡಿದರೆ ಡಿಬಗ್‌ಎಫ್‌ಎಸ್ (ಕರ್ನೆಲ್ ಡಿಬಗ್ ಮಾಡುವ ಫೈಲ್‌ಗಳ ಜಾಗ) ಒಳಗೆ ‘ಪ್ರೊವೋಕ್-ಕ್ರ್ಯಾಶ್’ ಡೈರೆಕ್ಟರಿ ಬರುತ್ತೆ. ಅಲ್ಲಿನ ‘ಡೈರೆಕ್ಟ್’ ಫೈಲ್‌ಗೆ ‘ಪ್ಯಾನಿಕ್’, ‘ಎಕ್ಸೆಪ್ಷನ್’, ‘ಹಾರ್ಡ್‌ಲಾಕಪ್’ ಹೀಗೆ ಬೇಕಾದ ಸಾವಿನ ಹೆಸರು ದೊಡ್ಡಕ್ಷರದಲ್ಲಿ ಬರೆಯಬಹುದು. ಹೊಸ ಮಾದರಿಯ ಸರ್ವರ್ ಬಂದಾಗ ನಾನು ಸಿಸ್‌ಆರ್‌ಕ್ಯೂ ಆದಮೇಲೆ ‘ಹಾರ್ಡ್‌ಲಾಕಪ್’ ಕೂಡ ಒಂದು ಸಲ ಮಾಡುತ್ತೇನೆ.

ಪ್ರೊಡಕ್ಷನ್ ಸರ್ವರ್ ಬೀಳಿಸಲು ಮ್ಯಾನೇಜರ್ ಒಪ್ಪಲ್ಲ. ಏನು ಮಾಡಲಿ?

ಓಡುತ್ತಿರುವಾಗ ಬೀಳಿಸಿ ಅಂತ ನಾನೂ ಹೇಳಲ್ಲ. ಆದರೆ ಪ್ಯಾಚ್ ಹಾಕಲು ಹೇಗೂ ಮೆಂಟೆನೆನ್ಸ್ ಸಮಯ ಕೊಡುತ್ತಾರಲ್ಲ, ಹೊಸ ಕರ್ನೆಲ್ ಹಾಕಿ ರೀಬೂಟ್ ಮಾಡಿದ ಮೇಲೆ ಅಪ್ಲಿಕೇಶನ್ ಶುರು ಮಾಡೋ ಮೊದಲು ‘ಸಿ’ ಬರೆಯಿರಿ. ಮೆಮೊರಿ ಆಗ ಹೆಚ್ಚು ತುಂಬಿರಲ್ಲ, ಡಂಪ್ ಬೇಗ ಮುಗಿಯುತ್ತೆ. ಒಂದು ರೀಬೂಟ್ ಹೆಚ್ಚಿಗೆ ಆಗುತ್ತೆ ಅಷ್ಟೇ.

ಸ್ಟೇಜಿಂಗ್‌ನಲ್ಲಿ (ಪ್ರೊಡಕ್ಷನ್‌ಗೆ ಮೊದಲು ಪರೀಕ್ಷಿಸುವ ಸರ್ವರ್‌ನಲ್ಲಿ) ಟೆಸ್ಟ್ ಮಾಡಿದೆ ಸಾಕು ಅನ್ನೋರಿಗೆ ಒಂದು ಮಾತು. ಅಲ್ಲಿನ ಕಾರ್ಡ್‌ಗಳು, ಫರ್ಮ್‌ವೇರ್, ಡಿಸ್ಕ್ ಎಲ್ಲ ಅದೇ ಇದ್ದರೆ ಸರಿ. ಸ್ಟೇಜಿಂಗ್ ವರ್ಚುವಲ್ ಮೆಷಿನ್ ಆಗಿ ಪ್ರೊಡಕ್ಷನ್ ಕಬ್ಬಿಣದ ಪೆಟ್ಟಿಗೆ ಆಗಿದ್ದರೆ ಆ ಟೆಸ್ಟ್ ಏನನ್ನೂ ಹೇಳಲ್ಲ.

ಬೀಳಿಸಿದೆ, ರೀಬೂಟ್ ಆಯಿತು, ಆದರೆ ಡೈರೆಕ್ಟರಿ ಖಾಲಿ. ಎಲ್ಲಿ ಹುಡುಕಲಿ?

ಕನ್ಸೋಲ್‌ನಲ್ಲಿ ಎಲ್ಲಿವರೆಗೆ ಬಂತು ಅನ್ನೋದೇ ಸುಳಿವು.

ಪ್ಯಾನಿಕ್ ಆಗಿ ಸೀದಾ ಬಯಾಸ್‌ಗೆ ಹೋದರೆ ಎರಡನೇ ಕರ್ನೆಲ್ ಲೋಡ್ ಆಗಿರಲೇ ಇಲ್ಲ, ಮೇಲೆ ಹೇಳಿದ ‘ಕೆಎಕ್ಸೆಕ್_ಕ್ರ್ಯಾಶ್_ಲೋಡೆಡ್’ನಲ್ಲಿ 1 ಇದೆಯಾ ನೋಡಿ. ಎರಡನೇ ಕರ್ನೆಲ್ ಶುರುವಾಗಿ ಓಓಎಂ ಸಾಲುಗಳು ಕಂಡರೆ ಮೀಸಲು ಜಾಸ್ತಿ ಮಾಡಿ. ಡಿಸ್ಕ್ ಸಿಗಲಿಲ್ಲ ಅಂತ ಕಾದು ಕಾದು ಸುಮ್ಮನಾದರೆ ಪುಟ್ಟ ಇನಿಟ್‌ರಾಮ್‌ಎಫ್‌ಎಸ್ ಒಳಗೆ ಆ ಡ್ರೈವರ್ ಇಲ್ಲ. ರೆಡ್ ಹ್ಯಾಟ್‌ನಲ್ಲಿ ‘ಕೆಡಂಪ್‌ಸಿಟಿಎಲ್ ರೀಬಿಲ್ಡ್’ ಕೊಟ್ಟು ಮತ್ತೆ ಕಟ್ಟಿಸಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಏನೂ ಕಾಣದೆ ಸ್ಕ್ರೀನ್ ನಿಂತೇಹೋದರೆ ಅದು ಕಷ್ಟದ ಕೇಸು, ಯಾವುದೋ ಸಾಧನ ಹಳೆ ಕರ್ನೆಲ್ ಹೇಳಿದ ಕೆಲಸವನ್ನೇ ಇನ್ನೂ ಮಾಡುತ್ತಿರುತ್ತೆ. ಎರಡನೇ ಕರ್ನೆಲ್‌ಗೆ ‘ರೀಸೆಟ್_ಡಿವೈಸಸ್’, ‘ಎನ್‌ಆರ್_ಸಿಪಿಯುಸ್=1’, ‘ಐಆರ್‌ಕ್ಯೂಪೋಲ್’ ಹೋಗುತ್ತಿದೆಯಾ ನೋಡಿ, ಸೀರಿಯಲ್ ಕನ್ಸೋಲ್ ಕೂಡ ಸೇರಿಸಿ. ಫರ್ಮ್‌ವೇರ್ ಅಪ್‌ಡೇಟ್‌ನಿಂದ ಸರಿಹೋದದ್ದನ್ನೂ ನೋಡಿದ್ದೇನೆ.

ನಕಲು ನಡೆಯುತ್ತಿರುವಾಗ ಥಟ್ಟನೆ ಕರೆಂಟ್ ಹೋದ ಹಾಗೆ ರೀಬೂಟ್ ಆದರೆ ಕಾರಣ ಮೆಷಿನ್ ಹೊರಗಿರಬಹುದು. ಹಾರ್ಡ್‌ವೇರ್ ವಾಚ್‌ಡಾಗ್‌ಗೆ ಯಾರೂ ಉತ್ತರ ಕೊಡದಿದ್ದರೆ ಅದು ರೀಸೆಟ್ ಮಾಡುತ್ತೆ. ಪೇಸ್‌ಮೇಕರ್ ಕ್ಲಸ್ಟರ್ ಆದರೆ ಪಕ್ಕದ ನೋಡ್ ‘ಇವನು ಸತ್ತ’ ಅಂತ ಫೆನ್ಸ್ ಮಾಡಿ ಪವರ್ ತೆಗೆದುಬಿಡುತ್ತೆ, ಡಂಪ್ ಅರ್ಧದಲ್ಲೇ ಹೋಗುತ್ತೆ. ಇದಕ್ಕಂತಲೇ ‘ಫೆನ್ಸ್_ಕೆಡಂಪ್’ ಅನ್ನೋ ಏಜೆಂಟ್ ಇದೆ. ಎರಡನೇ ಕರ್ನೆಲ್ ‘ನಾನು ಡಂಪ್ ಬರೆಯುತ್ತಿದ್ದೇನೆ’ ಅಂತ 7410ನೇ ಪೋರ್ಟ್‌ನಲ್ಲಿ ಹೇಳುತ್ತಾ ಇರುತ್ತೆ, ಪಕ್ಕದವರು ಅದನ್ನು ಕೇಳಿ ಪವರ್ ಮುಟ್ಟದೆ ಬಿಡುತ್ತಾರೆ. ಕ್ಲಸ್ಟರ್ ಇಟ್ಟುಕೊಂಡವರು ಇದನ್ನು ಬಿಡಲೇಬಾರದು.

ಇನ್ನು ಡಿಸ್ಕ್ ತುಂಬಿರೋದು. ಅದನ್ನೂ ನೋಡಿಬಿಡಿ.

ಮೆಷಿನ್ ಪ್ಯಾನಿಕ್ ಆಗಲ್ಲ, ಸುಮ್ನೆ ಹ್ಯಾಂಗ್ ಆಗಿ ನಿಲ್ಲುತ್ತೆ. ಆಗ?

ಹ್ಯಾಂಗ್ ಅನ್ನು ಪ್ಯಾನಿಕ್ ಆಗಿ ಬದಲಾಯಿಸಬೇಕು. ಕರ್ನೆಲ್ ಸೆಟಿಂಗ್ ಬದಲಾಯಿಸುವ ಸಿಸ್‌ಸಿಟಿಎಲ್‌ನಲ್ಲಿ ‘ಕರ್ನೆಲ್.ಸಾಫ್ಟ್‌ಲಾಕಪ್_ಪ್ಯಾನಿಕ್’, ‘ಕರ್ನೆಲ್.ಹಾರ್ಡ್‌ಲಾಕಪ್_ಪ್ಯಾನಿಕ್’, ‘ಕರ್ನೆಲ್.ಹಂಗ್_ಟಾಸ್ಕ್_ಪ್ಯಾನಿಕ್’ ಇವೆ. ಸಿಪಿಯು ಇಂಟರಪ್ಟ್‌ಗೂ ಓಗೊಡದಿದ್ದರೆ ಹಾರ್ಡ್ ಲಾಕಪ್, ಬೇರೆ ಕೆಲಸಕ್ಕೆ ಬಿಡದೆ ಒಂದರಲ್ಲೇ ಸಿಕ್ಕಿಕೊಂಡರೆ ಸಾಫ್ಟ್, ಒಂದು ಟಾಸ್ಕ್ ಕಾಯುತ್ತಲೇ ನಿಂತರೆ ಹಂಗ್ ಟಾಸ್ಕ್. ಡೀಫಾಲ್ಟ್ ಆಗಿ ಹಾರ್ಡ್ ಲಾಕಪ್ ಗೊತ್ತಾಗಲು ಸುಮಾರು 10 ಸೆಕೆಂಡ್, ಸಾಫ್ಟ್‌ಗೆ 20, ಹಂಗ್ ಟಾಸ್ಕ್‌ಗೆ 120. ಮೂರನೆಯದನ್ನು ಯೋಚಿಸಿ ಹಾಕಿ. ಸ್ಟೋರೇಜ್ ಸ್ವಲ್ಪ ಹೊತ್ತು ನಿಧಾನ ಆಯಿತು ಅಂತ ಇಡೀ ಸರ್ವರ್ ಬಿದ್ದರೆ ಬೈಗುಳ ನಿಮಗೇ. ಜೊತೆಗೆ ‘ಕರ್ನೆಲ್.ಪ್ಯಾನಿಕ್_ಆನ್_ಊಪ್ಸ್’ 1 ಇದೆಯಾ ನೋಡಿ, ಇಲ್ಲದಿದ್ದರೆ ಊಪ್ಸ್ (ಕರ್ನೆಲ್ ಒಳಗಿನ ತಪ್ಪು) ಆದರೂ ಕರ್ನೆಲ್ ಕುಂಟುತ್ತಾ ಮುಂದೆ ಹೋಗಿ ಎಷ್ಟೋ ಹೊತ್ತಿನ ಮೇಲೆ ಬೇರೆ ಎಲ್ಲೋ ಬೀಳುತ್ತೆ.

ಏನು ಒತ್ತಿದರೂ ಅಲುಗಾಡುತ್ತಿಲ್ಲ ಅಂದರೆ ಕೊನೆಯ ಅಸ್ತ್ರ ಎನ್‌ಎಂಐ, ಅಂದರೆ ಸಿಪಿಯು ತಳ್ಳಿಹಾಕಲಾಗದ ಇಂಟರಪ್ಟ್. ಮೊದಲೇ ‘ಕರ್ನೆಲ್.ಅನ್‌ನೋನ್_ಎನ್‌ಎಂಐ_ಪ್ಯಾನಿಕ್=1’ ಹಾಕಿಟ್ಟಿರಿ. ಆಮೇಲೆ ಬೇರೆ ಮೆಷಿನ್‌ನಿಂದ ‘ಐಪಿಎಂಐಟೂಲ್ ಚಾಸಿಸ್ ಪವರ್ ಡಯಾಗ್’ ಕೊಡಿ. ಕೆವಿಎಂ ಆದರೆ ‘ವರ್ಶ್ ಇಂಜೆಕ್ಟ್-ಎನ್‌ಎಂಐ’. ಅಮೆಜಾನ್ ಇಸಿ2ನಲ್ಲಿ ಡಯಾಗ್ನೋಸ್ಟಿಕ್ ಇಂಟರಪ್ಟ್ ಅಂತ ಇದೇ ಕೆಲಸಕ್ಕೆ ಇದೆ. ಹ್ಯಾಂಗ್ ಆದ ಸರ್ವರ್ ಕಂಡ ಕೂಡಲೇ ಪವರ್ ಬಟನ್ ಒತ್ತುವ ಅಭ್ಯಾಸ ನಮ್ಮಲ್ಲಿ ತುಂಬ ಜನರಿಗಿದೆ. ದಯವಿಟ್ಟು ಅದಕ್ಕೆ ಮೊದಲು ಈ ಒಂದು ಕಮಾಂಡ್ ಕೊಡಿ, ಸಾಕ್ಷಿ ಉಳಿಯುತ್ತೆ.

256 ಜಿಬಿ ರ್‍ಯಾಮ್ ಇದ್ದರೆ ಡಂಪ್ ಕೂಡ 256 ಜಿಬಿ ಆಗುತ್ತಾ?

ಇಲ್ಲ. ‘ಮೇಕ್‌ಡಂಪ್‌ಫೈಲ್’ ಸೋಸಿ ಬರೆಯುತ್ತೆ. ‘ಡಿ 31’ ಅನ್ನೋ ಮಟ್ಟದಲ್ಲಿ ಸೊನ್ನೆ ತುಂಬಿದ ಪುಟಗಳು, ಎರಡು ಬಗೆಯ ಕ್ಯಾಶ್ ಪುಟಗಳು, ಯೂಸರ್ ಪ್ರೋಗ್ರಾಂಗಳ ಡೇಟಾ, ಖಾಲಿ ಪುಟಗಳು ಎಲ್ಲವನ್ನೂ ಬಿಟ್ಟುಬಿಡುತ್ತೆ. 1, 2, 4, 8, 16 ಕೂಡಿದರೆ 31, ಒಂದೊಂದು ಅಂಕಿಯೂ ಒಂದೊಂದು ಬಗೆಯ ಪುಟ. ಉಳಿದದ್ದನ್ನು ಕಂಪ್ರೆಸ್ ಮಾಡುತ್ತೆ. ಕರ್ನೆಲ್ ತೊಂದರೆ ಹುಡುಕಲು ಸಾಮಾನ್ಯವಾಗಿ ಇಷ್ಟೇ ಸಾಕು.

ಡಂಪ್ ಅನ್ನು ಬೇರೆ ಮೆಷಿನ್‌ಗೆ ಕಳಿಸಬಹುದಾ?

ಕಳಿಸಬಹುದು, ಎನ್‌ಎಫ್‌ಎಸ್ ಅಥವಾ ಎಸ್‌ಎಸ್‌ಎಚ್ ಮೇಲೆ. ಎಸ್‌ಎಸ್‌ಎಚ್ ಆದರೆ ಪಾಸ್‌ವರ್ಡ್ ಇಲ್ಲದ ಕೀ ಬೇಕು, ರೆಡ್ ಹ್ಯಾಟ್‌ನಲ್ಲಿ ‘ಕೆಡಂಪ್‌ಸಿಟಿಎಲ್ ಪ್ರೊಪಗೇಟ್’ ಆ ಕೀ ಕಳಿಸಿಕೊಡುತ್ತೆ. ಅಲ್ಲಿ ‘ಮೇಕ್‌ಡಂಪ್‌ಫೈಲ್’ಗೆ ದೊಡ್ಡ ‘ಎಫ್’ ಆಯ್ಕೆಯೂ ಬೇಕು. ನೆಟ್‌ವರ್ಕ್ ಡ್ರೈವರ್, ಬಾಂಡಿಂಗ್, ವಿಲ್ಯಾನ್ ಎಲ್ಲ ಎರಡನೇ ಕರ್ನೆಲ್‌ನಲ್ಲೂ ಏಳಬೇಕಾಗಿರೋದರಿಂದ ಮೀಸಲು ಇನ್ನಷ್ಟು ಬೇಕಾಗುತ್ತೆ. ಲೋಕಲ್ ಡಿಸ್ಕ್‌ಗೆ ಟೆಸ್ಟ್ ಮಾಡಿದ್ದು ಇದಕ್ಕೆ ಲೆಕ್ಕಕ್ಕಿಲ್ಲ, ಮತ್ತೆ ಬೀಳಿಸಿ ನೋಡಿ.

ಸೆಕ್ಯೂರ್ ಬೂಟ್ ಇದ್ದರೆ ತೊಂದರೆ ಇದೆಯಾ?

ಡಿಸ್ಟ್ರೋ ಕೊಟ್ಟ ಕರ್ನೆಲ್ ಆದರೆ ಇಲ್ಲ, ಅದಕ್ಕೆ ಸಹಿ ಇರುತ್ತೆ. ನೀವೇ ಕಂಪೈಲ್ ಮಾಡಿದ್ದರೆ ಅದಕ್ಕೂ ಸಹಿ ಮಾಡಿ ಕೀ ಸೇರಿಸಬೇಕು, ಇಲ್ಲದಿದ್ದರೆ ಕರ್ನೆಲ್‌ನ ರಕ್ಷಣೆಯ ಲಾಕ್‌ಡೌನ್ ಆ ಕರ್ನೆಲ್ ಅನ್ನು ಮೀಸಲು ಜಾಗಕ್ಕೆ ಬಿಡಲ್ಲ.

ಡಾಕರ್ ಕಂಟೇನರ್ ಒಳಗೆ ಹಾಕಬಹುದಾ?

ಕಂಟೇನರ್‌ಗೆ ತನ್ನದೇ ಕರ್ನೆಲ್ ಇಲ್ಲ. ಹೋಸ್ಟ್‌ನಲ್ಲಿ ಹಾಕಿ. ಕಂಟೇನರ್ ಒಳಗಿಂದ ‘ಸಿ’ ಬರೆಯಲು ಆದರೆ ಬೀಳೋದು ಇಡೀ ಹೋಸ್ಟ್, ಅಲ್ಲಿ ಅಷ್ಟು ಅನುಮತಿ ಯಾರಿಗೂ ಕೊಟ್ಟಿರಬಾರದು.

ಡಂಪ್ ಸಿಕ್ಕಿತು. ಓದೋದು ಹೇಗೆ?

‘ಕ್ರ್ಯಾಶ್’ ಟೂಲ್ ಬೇಕು, ಜೊತೆಗೆ ಅದೇ ಕರ್ನೆಲ್‌ನ ಡಿಬಗ್ ಮಾಹಿತಿ ಇರುವ ‘ವಿಎಂಲಿನಕ್ಸ್’ ಫೈಲ್. ಆವೃತ್ತಿ ಒಂದು ಅಂಕಿಯೂ ಆಚೀಚೆ ಇರಬಾರದು. ರೆಡ್ ಹ್ಯಾಟ್‌ನಲ್ಲಿ ‘ಕರ್ನೆಲ್-ಡಿಬಗ್‌ಇನ್ಫೋ’, ಉಬುಂಟುವಿನಲ್ಲಿ ಡಿಬಗ್ ಸಿಂಬಲ್ ಪ್ಯಾಕೇಜ್. ಇವು ದೊಡ್ಡವು, ಮೊದಲೇ ಒಂದು ಕಡೆ ಇಳಿಸಿಟ್ಟುಕೊಳ್ಳಿ. ಬಿದ್ದ ಸರ್ವರ್‌ನಲ್ಲೇ ಓದಬೇಕಂತಿಲ್ಲ, ಬೇರೆ ಮೆಷಿನ್‌ನಲ್ಲಿ ಓದಿ.

ತೆರೆದ ಕೂಡಲೇ ಒಂದು ಪುಟ ಮಾಹಿತಿ ಬರುತ್ತೆ. ಅದರಲ್ಲಿ ‘ಪ್ಯಾನಿಕ್’ ಸಾಲು ಮೊದಲು ಓದಿ. ನಿಮ್ಮ ಟೆಸ್ಟ್ ಡಂಪ್ ಆದರೆ ‘ಸಿಸ್‌ಆರ್‌ಕ್ಯೂ ಟ್ರಿಗರ್ಡ್ ಕ್ರ್ಯಾಶ್’ ಅಂತ ಇರುತ್ತೆ. ಹಳೆಯ ಕರ್ನೆಲ್‌ಗಳಲ್ಲಿ ಅದೇ ಟೆಸ್ಟ್ ನಲ್ ಪಾಯಿಂಟರ್ ತಪ್ಪಿನ ಹಾಗೆ ಕಾಣುತ್ತೆ, ಗಾಬರಿ ಬೇಡ. ‘ಬಿಟಿ’ ಕೊಟ್ಟರೆ ಬಿದ್ದ ಟಾಸ್ಕ್‌ನ ಹೆಜ್ಜೆಗಳು, ‘ಲಾಗ್’ ಕೊಟ್ಟರೆ ಕೊನೆಯ ಕರ್ನೆಲ್ ಸಾಲುಗಳು, ‘ಪಿಎಸ್’ನಲ್ಲಿ ಪ್ರೋಸೆಸ್‌ಗಳು, ‘ಕೆಮೆಮ್ ಐ’ನಲ್ಲಿ ಮೆಮೊರಿ ಲೆಕ್ಕ. ಹ್ಯಾಂಗ್ ಆಗಿದ್ದ ಮೆಷಿನ್ ಆದರೆ ‘ಫೋರೀಚ್ ಬಿಟಿ’ ಕೊಟ್ಟು ಎಲ್ಲರೂ ಯಾವ ಲಾಕ್‌ಗೆ ಕಾಯುತ್ತಿದ್ದಾರೆ ನೋಡಿ. ಹೊರಗಿನವರ ಡ್ರೈವರ್ ಹಾಕಿದ್ದರೆ ಟೇಂಟ್ ಅಕ್ಷರಗಳನ್ನೂ (ಕರ್ನೆಲ್‌ಗೆ ಹೊರಗಿನದು ಸೇರಿದೆ ಅನ್ನೋ ಗುರುತುಗಳು) ಗಮನಿಸಿ, ‘ಪಿ’ ಇದ್ದರೆ ಮುಚ್ಚಿದ ಕೋಡ್, ‘ಓ’ ಇದ್ದರೆ ಕರ್ನೆಲ್ ಮರದ ಹೊರಗಿನದು. ನಮ್ಮ ಆ ಡೇಟಾಬೇಸ್ ಸರ್ವರ್‌ನಲ್ಲಿ ‘ಬಿಟಿ’ಯ ಮೂರನೇ ಸಾಲಿನಲ್ಲೇ ಹೊಸ ಸ್ಟೋರೇಜ್ ಕಾರ್ಡ್‌ನ ಡ್ರೈವರ್ ಹೆಸರಿತ್ತು.

ಪೈಥಾನ್ ಬರುವವರು ‘ಡ್ರ್ಯಾಗನ್’ ಅಂತ ಓದುವ, ಡಿ-ಆರ್-ಜಿ-ಎನ್ ಅಕ್ಷರಗಳ ಟೂಲ್ ಕೂಡ ನೋಡಿ. ಮೆಟಾದಲ್ಲಿ ಹುಟ್ಟಿದ್ದು, ಡಂಪ್ ಒಳಗೆ ಸ್ಕ್ರಿಪ್ಟ್ ಬರೆದು ಹುಡುಕಲು ತುಂಬ ಚೆನ್ನ.

ಡಂಪ್ ಅನ್ನು ವೆಂಡರ್‌ಗೆ ಹಾಗೇ ಕಳಿಸಲಾ?

ಮೊದಲು ನಿಮ್ಮ ಸೆಕ್ಯೂರಿಟಿ ಟೀಮ್‌ನವರನ್ನು ಕೇಳಿ. ‘ಡಿ 31’ ಹಾಕಿ ಯೂಸರ್ ಪುಟ ಬಿಟ್ಟಿದ್ದರೂ ಕರ್ನೆಲ್ ಮೆಮೊರಿಯಲ್ಲಿ ಎನ್‌ಕ್ರಿಪ್ಷನ್ ಕೀ, ನೆಟ್‌ವರ್ಕ್ ಪ್ಯಾಕೆಟ್ ತುಂಡು, ಫೈಲ್ ಹೆಸರುಗಳು ಇರಬಹುದು. ಎಷ್ಟೋ ಸಲ ಡಿಮೆಸೇಜ್ ಫೈಲ್ ಮತ್ತು ‘ಬಿಟಿ’ ಔಟ್‌ಪುಟ್ ಮಾತ್ರ ಕಳಿಸಿದರೆ ಸಾಕಾಗುತ್ತೆ. ‘/ವಾರ್/ಕ್ರ್ಯಾಶ್’ ರೂಟ್ ಬಿಟ್ಟು ಬೇರೆಯವರಿಗೆ ಓದಲು ಸಿಗದ ಹಾಗೂ ಇರಲಿ.

ಎಷ್ಟು ದಿನಕ್ಕೊಮ್ಮೆ ಟೆಸ್ಟ್ ಮಾಡಬೇಕು?

ದಿನದ ಲೆಕ್ಕ ಬೇಡ. ಕರ್ನೆಲ್ ಬದಲಾದಾಗ, ಕಾರ್ಡ್ ಅಥವಾ ಡಿಸ್ಕ್ ಸೇರಿಸಿದಾಗ, ಫರ್ಮ್‌ವೇರ್ ಹಾಕಿದಾಗ, ಡಂಪ್ ಹೋಗುವ ಜಾಗ ಬದಲಾಯಿಸಿದಾಗ. ಪ್ರತಿ ಸಲವೂ.

ನನ್ನದು 1 ಜಿಬಿ ರ್‍ಯಾಮ್‌ನ ಪುಟ್ಟ ಮೆಷಿನ್. ಮೀಸಲಿಡಲು ಜಾಗವೇ ಇಲ್ಲ.

ಪೂರ್ತಿ ಡಂಪ್ ಆಸೆ ಬಿಟ್ಟು ಕೊನೆಯ ಲಾಗ್ ಸಾಲುಗಳನ್ನಾದರೂ ಉಳಿಸಿಕೊಳ್ಳಿ. ಯುಇಎಫ್‌ಐ ಇರುವ ಮೆಷಿನ್‌ನಲ್ಲಿ ‘ಪಿಸ್ಟೋರ್’ ಆ ಸಾಲುಗಳನ್ನು ಫರ್ಮ್‌ವೇರ್ ಜಾಗದಲ್ಲಿ ಬರೆದಿಡಬಲ್ಲದು, ಮುಂದಿನ ಬೂಟ್‌ನಲ್ಲಿ ಸಿಸ್ಟಮ್‌ಡಿ ಅದನ್ನು ‘/ವಾರ್/ಲಿಬ್/ಸಿಸ್ಟಮ್‌ಡಿ/ಪಿಸ್ಟೋರ್’ಗೆ ಎತ್ತಿಡುತ್ತೆ. ಚಿಕ್ಕ ಬೋರ್ಡ್‌ಗಳಲ್ಲಿ ‘ರಾಮ್‌ಊಪ್ಸ್’ ಇದೇ ಕೆಲಸ ಮಾಡುತ್ತೆ. ಎರಡೂ ಆಗದಿದ್ದರೆ ‘ನೆಟ್‌ಕನ್ಸೋಲ್’ ಹಾಕಿ ಕರ್ನೆಲ್ ಸಾಲುಗಳನ್ನು ಯುಡಿಪಿ ಮೇಲೆ ಪಕ್ಕದ ಮೆಷಿನ್‌ನ 6666ನೇ ಪೋರ್ಟ್‌ಗೆ ಕಳಿಸಿ, ಅಲ್ಲಿ ಫೈಲ್‌ಗೆ ಬರೆದುಕೊಳ್ಳಿ. ಯಾವುದನ್ನು ಹಾಕಿದರೂ ಅದೇ ‘ಸಿ’ ಬರೆದು, ಆ ಸಾಲುಗಳು ಬಂದವಾ ಅಂತ ಅವತ್ತೇ ನೋಡಿ.